ಎರಿಟ್ರಿಯ ಸರ್ಕಾರ ಮತ್ತು ಅನಿವಾಸಿ ಎರಿಟ್ರಿಯನ್ನರ ಸಂಬಂಧ

ಎರಿಟ್ರಿಯ ಈಶಾನ್ಯ ಆಫ್ರಿಕದಲ್ಲಿ ಕೆಂಪು ಸಮುದ್ರದ ತೀರದಲ್ಲಿರುವ ಒಂದು ಸಣ್ಣ ರಾಷ್ಟ್ರ. ಇದರ ರಾಜಧಾನಿ ಅಸ್ಮಾರ. ಎರಿಟ್ರಿಯನ್ನರಲ್ಲಿ ಬಹು ದೊಡ್ಡ ಭಾಗವು ಸುಡಾನ್, ಇಥಿಯೋಪಿಯ, ಇಸ್ರೇಲ್, ಯುರೋಪು ಹಾಗೂ ಉತ್ತರ ಅಮೆರಿಕದಲ್ಲಿ ನೆಲೆಸಿದೆ. ಇವರಿಗೂ ತಾಯ್ನಾಡಿನ ಸರ್ಕಾರಕ್ಕೂ ಇರುವ ಸಂಬಂಧದಲ್ಲಿ ದೇಶಾಭಿಮಾನ, ತೆರಿಗೆ ಮತ್ತು ಭಯ ಮೂರೂ ಬೆರೆತಿವೆ.

ಹಿನ್ನೆಲೆ

ಇಥಿಯೋಪಿಯದ ಆಳ್ವಿಕೆಯ ವಿರುದ್ಧ 1961ರಿಂದ 1991ರವರೆಗೆ ನಡೆದ ವಿಮೋಚನಾ ಹೋರಾಟಕ್ಕೆ ವಲಸಿಗರು ಧನಸಹಾಯ ನೀಡಿದರು. ಇಟಲಿಯ ಬೊಲೊನ್ಯ ನಗರದಲ್ಲಿ ಅವರು ವರ್ಷಂಪ್ರತಿ ಸಮಾವೇಶಗೊಳ್ಳುತ್ತಿದ್ದರು. 1993ರ ಏಪ್ರಿಲ್‌ನಲ್ಲಿ ನಡೆದ ಜನಮತಗಣನೆಯಲ್ಲಿ ವಿದೇಶಗಳಲ್ಲಿದ್ದವರೂ ಮತ ಚಲಾಯಿಸಿದರು. ಶೇಕಡ 99ಕ್ಕೂ ಹೆಚ್ಚು ಮತಗಳು ಸ್ವಾತಂತ್ರ್ಯದ ಪರವಾಗಿ ಬಂದವು.

ಬಿರುಕು

1997ರಲ್ಲಿ ಅಂಗೀಕೃತವಾದ ಸಂವಿಧಾನವು ಜಾರಿಗೆ ಬರಲಿಲ್ಲ. ಇಸಯಾಸ್ ಅಫ್‌ವರ್ಕಿ ಅವರು 1993ರಿಂದ ಅಧ್ಯಕ್ಷರಾಗಿಯೇ ಇದ್ದಾರೆ. ರಾಷ್ಟ್ರಮಟ್ಟದ ಚುನಾವಣೆ ನಡೆದಿಲ್ಲ. ಕಾನೂನಿನ ಪ್ರಕಾರ 18 ತಿಂಗಳ ಅವಧಿಯದಾದ ಕಡ್ಡಾಯ ರಾಷ್ಟ್ರಸೇವೆಯು, 1998–2000ರ ಇಥಿಯೋಪಿಯ ಯುದ್ಧದ ನಂತರ ಅನಿರ್ದಿಷ್ಟ ಕಾಲದ ದುಡಿಮೆಯಾಗಿ ಮಾರ್ಪಟ್ಟಿತು. 2001ರ ಸೆಪ್ಟೆಂಬರ್‌ನಲ್ಲಿ ಸುಧಾರಣೆ ಬಯಸಿದ ಹಿರಿಯ ನಾಯಕರನ್ನೂ ಪತ್ರಕರ್ತರನ್ನೂ ಬಂಧಿಸಲಾಯಿತು. ತರುವಾಯ ಸಾವಿರಾರು ಯುವಕರು ದೇಶ ತೊರೆದರು. ಹೀಗೆ ಪರದೇಶಗಳಲ್ಲಿ ಎರಡು ಪೀಳಿಗೆಗಳು ಅಕ್ಕಪಕ್ಕದಲ್ಲಿ ನೆಲೆಸುವಂತಾಯಿತು: ಮೊದಲನೆಯದು ಪರರ ಆಳ್ವಿಕೆಯಿಂದ ತಪ್ಪಿಸಿಕೊಂಡು ಬಂದದ್ದು, ಎರಡನೆಯದು ತಮ್ಮದೇ ಸರ್ಕಾರದಿಂದ.

ಶೇಕಡ 2ರ ತೆರಿಗೆ

ವಿದೇಶದಲ್ಲಿರುವ ಪ್ರಜೆಗಳು ತಮ್ಮ ಆದಾಯದ ಶೇಕಡ 2ರಷ್ಟನ್ನು ಪುನರ್ವಸತಿ ತೆರಿಗೆಯಾಗಿ ಸಲ್ಲಿಸಬೇಕೆಂಬ ನಿಯಮವು 1990ರ ದಶಕದಿಂದಲೂ ಇದೆ. ಯುದ್ಧದಿಂದ ಜರ್ಝರಿತವಾದ ನಾಡನ್ನು ಕಟ್ಟಲು ಇದು ನ್ಯಾಯವಾದ ವಂತಿಗೆಯೆಂಬುದು ಸರ್ಕಾರದ ವಾದ. ಅಮೆರಿಕವೂ ವಿದೇಶವಾಸಿ ಪ್ರಜೆಗಳಿಗೆ ತೆರಿಗೆ ವಿಧಿಸುತ್ತದೆ. ಆದುದರಿಂದ ವಿವಾದವಿರುವುದು ತೆರಿಗೆಗಿಂತ ಹೆಚ್ಚಾಗಿ ಅದರ ವಸೂಲಿಯ ಕ್ರಮದಲ್ಲಿ. ತೆರಿಗೆ ಪಾವತಿಸದವರಿಗೆ ರಾಯಭಾರ ಕಚೇರಿಗಳು ಪಾಸ್‌ಪೋರ್ಟ್ ಮುಂತಾದ ಸೇವೆಗಳನ್ನು ನಿರಾಕರಿಸುತ್ತವೆ, ಊರಲ್ಲಿರುವ ಬಂಧುಗಳಿಗೆ ತೊಂದರೆಯಾಗುವ ಭೀತಿಯಿದೆ ಎಂಬ ದೂರುಗಳಿವೆ.

ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು 2011ರ ತನ್ನ 2023ನೆಯ ನಿರ್ಣಯದಲ್ಲಿ ತೆರಿಗೆಯನ್ನೇ ನಿಷೇಧಿಸಲಿಲ್ಲ. ಅದನ್ನು ನೆರೆಹೊರೆಯಲ್ಲಿ ಅಸ್ಥಿರತೆ ಉಂಟುಮಾಡಲು ಬಳಸುವುದನ್ನು ಖಂಡಿಸಿ, ಬೆದರಿಕೆ ಹಾಗೂ ವಂಚನೆಯಿಂದ ವಸೂಲು ಮಾಡುವುದನ್ನು ನಿಲ್ಲಿಸಬೇಕೆಂದು ಆದೇಶಿಸಿತು. ಕೆನಡಾ 2013ರಲ್ಲಿ ಟೊರಾಂಟೊದ ಎರಿಟ್ರಿಯ ಕಾನ್ಸುಲ್‌ರನ್ನೂ, ನೆದರ್ಲೆಂಡ್ಸ್ 2018ರಲ್ಲಿ ಅಲ್ಲಿನ ರಾಯಭಾರ ಕಚೇರಿಯ ಮುಖ್ಯಸ್ಥರನ್ನೂ ದೇಶದಿಂದ ಹೊರಹಾಕಿದವು.

ಪಶ್ಚಾತ್ತಾಪ ಪತ್ರ

ಅಕ್ರಮವಾಗಿ ದೇಶ ಬಿಟ್ಟವರು ರಾಷ್ಟ್ರಸೇವೆಯನ್ನು ಪೂರೈಸದಿದ್ದುದಕ್ಕೆ ವಿಷಾದಿಸಿ, ಶಿಕ್ಷೆಗೆ ಸಿದ್ಧನಿದ್ದೇನೆಂದು ಬರೆದುಕೊಡುವ ಪತ್ರವಿದು. ಪಾಸ್‌ಪೋರ್ಟ್ ಪಡೆಯಲೆಂದು ಇಂತಹ ಪತ್ರಕ್ಕೆ ಸಹಿ ಹಾಕುವಂತೆ, ರಕ್ಷಣೆ ಪಡೆದವರನ್ನು ಅವರ ಇಚ್ಛೆಗೆ ವಿರುದ್ಧವಾಗಿ ಒತ್ತಾಯಿಸಲಾಗದೆಂದು ಜರ್ಮನಿಯ ಸಂಯುಕ್ತ ಆಡಳಿತಾತ್ಮಕ ನ್ಯಾಯಾಲಯವು 2022ರ ಅಕ್ಟೋಬರ್‌ನಲ್ಲಿ ತೀರ್ಪಿತ್ತಿತು.

ಇತ್ತೀಚಿನ ಸ್ಥಿತಿ

2018ರಲ್ಲಿ ಇಥಿಯೋಪಿಯದೊಡನೆ ಶಾಂತಿ ಏರ್ಪಟ್ಟು, ವಿಶ್ವಸಂಸ್ಥೆಯ ನಿರ್ಬಂಧಗಳು ತೆರವಾದವು; ಆದರೆ ರಾಷ್ಟ್ರಸೇವೆಯ ಪದ್ಧತಿ ಬದಲಾಗಲಿಲ್ಲ. 2023ರಲ್ಲಿ ಜರ್ಮನಿಯ ಗೀಸೆನ್ ಮತ್ತು ಸ್ವೀಡನ್ನಿನ ಸ್ಟಾಕ್‌ಹೋಮ್‌ಗಳಲ್ಲಿ ಸರ್ಕಾರದ ಪರವಾದ ಉತ್ಸವಗಳ ಸಂದರ್ಭದಲ್ಲಿ ಘರ್ಷಣೆಗಳಾದವು. ಸೆಪ್ಟೆಂಬರ್ 2ರಂದು ಟೆಲ್ ಅವೀವ್‌ನಲ್ಲಿ ನೂರಕ್ಕೂ ಹೆಚ್ಚು ಮಂದಿ ಗಾಯಗೊಂಡರು. ವಿರೋಧಿಗಳು ಹಿಡಿದದ್ದು 1952ರ ನೀಲಿ ಧ್ವಜ, ಬೆಂಬಲಿಗರದು ಇಂದಿನ ರಾಷ್ಟ್ರಧ್ವಜ. ಒಂದು ಕಾಲದಲ್ಲಿ ವಲಸಿಗರನ್ನು ಒಗ್ಗೂಡಿಸಿದ ಉತ್ಸವವೇ ಇಂದು ಅವರನ್ನು ಇಬ್ಭಾಗಿಸುವ ವೇದಿಕೆಯಾಗಿದೆ.