ಹಳೆಯ ಮೋಟಾರಿನ ಫ್ಯೂಸು ಫಲಕ: ಉಳಿಸಬೇಕೆ, ಬದಲಿಸಬೇಕೆ?

ಇಟಲಿಯ ಫೆರಾರಿ ಕಾರ್ಖಾನೆಯು 1975ರ ಪ್ಯಾರಿಸ್ ಪ್ರದರ್ಶನದಲ್ಲಿ ಲೋಕದ ಮುಂದಿಟ್ಟ 308 ಎಂಬ ಕ್ರೀಡಾ ಮೋಟಾರು ಇಂದು ಸಂಗ್ರಾಹಕರ ಕಣ್ಮಣಿಯಾಗಿದೆ. ಅದರ ಎಂಜಿನ್ನನ್ನೂ ಮೈಕಟ್ಟನ್ನೂ ಹೊಗಳುವವರು ಹಲವರು. ಫ್ಯೂಸು ಫಲಕವನ್ನು ಕುರಿತು ಯೋಚಿಸುವವರು ಕೆಲವರು. ಆದರೆ ಇಡೀ ವಾಹನವನ್ನು ಸುಡುವ ಸಾಮರ್ಥ್ಯ ಈ ಸಣ್ಣ ಫಲಕಕ್ಕುಂಟು. ಹಳೆಯ ಮೋಟಾರಿನ ಯಾವ ಭಾಗವನ್ನೂ ಬದಲಿಸಕೂಡದೆಂಬುದು ಕೆಲವರ ವಾದ. ಸವೆದ ಫಲಕದ ವಿಷಯದಲ್ಲಿ ಈ ವಾದವನ್ನು ನಾವು ಒಪ್ಪಲಾರೆವು.

ಆ ಕಾಲದ ಯೂರೋಪಿನ ಮೋಟಾರುಗಳಲ್ಲಿ ಬಳಕೆಯಲ್ಲಿದ್ದುದು ಎರಡು ತುದಿಗಳೂ ಶಂಕುವಿನಂತೆ ಮೊನಚಾದ ಪುಟ್ಟ ಫ್ಯೂಸು. ಲೋಹದ ಎರಡು ಪಟ್ಟಿಗಳು ಸ್ಪ್ರಿಂಗಿನಂತೆ ಅದನ್ನು ಒತ್ತಿ ಹಿಡಿದಿರುತ್ತವೆ. ಲೋಹಕ್ಕೆ ಲೋಹ ಚೆನ್ನಾಗಿ ಕೂಡಿಕೊಂಡಂತೆ ಕಂಡರೂ ಅವು ನಿಜವಾಗಿ ಸೋಂಕುವುದು ಕೆಲವೇ ಸೂಕ್ಷ್ಮ ಬಿಂದುಗಳಲ್ಲಿ. ವರ್ಷಗಳುರುಳಿದಂತೆ ಪಟ್ಟಿಯ ಬಿಗಿ ತಗ್ಗುತ್ತದೆ, ಮೇಲ್ಮೈ ಕಿಲುಬು ಹಿಡಿಯುತ್ತದೆ, ರಿವೆಟ್ಟುಗಳು ಸಡಿಲುತ್ತವೆ. ಇದರಿಂದ ರೋಧ ಹೆಚ್ಚುತ್ತದೆ. ರೋಧದಿಂದ ಉಷ್ಣ ಹುಟ್ಟುತ್ತದೆ. ಉಷ್ಣದಿಂದ ಪಟ್ಟಿಯ ಬಿಗಿ ಮತ್ತಷ್ಟು ತಗ್ಗುತ್ತದೆ.

ರೇಡಿಯೇಟರಿನ ವಿದ್ಯುತ್ ಬೀಸಣಿಗೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಸಂಪರ್ಕದಲ್ಲಿ 0.1 ಓಮ್ ರೋಧ ಸೇರಿದ ಮೇಲೂ ಮಂಡಲದಲ್ಲಿ 15 ಆಂಪೇರ್ ಪ್ರವಾಹ ಹರಿಯುತ್ತಿದೆಯೆಂದು ಭಾವಿಸಿದರೆ, ಅಲ್ಲಿ ಹುಟ್ಟುವ ಉಷ್ಣ 22.5 ವಾಟ್. ಸಣ್ಣದೊಂದು ಬೆಸುಗೆ ಸಲಾಕೆಯನ್ನು ಕಾಯಿಸಲು ಇಷ್ಟು ಸಾಕು! 12 ವೋಲ್ಟಿನಲ್ಲಿ ಒಂದೂವರೆ ವೋಲ್ಟ್ ದಾರಿಯಲ್ಲಿಯೇ ನಷ್ಟವಾಗುವುದರಿಂದ ಬೀಸಣಿಗೆ ನಿಧಾನವಾಗುತ್ತದೆ, ಎಂಜಿನ್ನೂ ಕಾಯುತ್ತದೆ.

ಇಷ್ಟಾದರೂ ಫ್ಯೂಸು ಏಕೆ ಕಾಪಾಡುವುದಿಲ್ಲವೆಂದು ವಾಚಕರು ಕೇಳಬಹುದು. ಫ್ಯೂಸು ಕಾಯುವುದು ಮಿತಿಮೀರಿದ ಪ್ರವಾಹದ ವಿರುದ್ಧ. ಕೆಟ್ಟ ಸಂಪರ್ಕವಾದರೋ ಪ್ರವಾಹವನ್ನು ಹೆಚ್ಚಿಸುವುದಿಲ್ಲ, ತುಸು ತಗ್ಗಿಸುತ್ತದೆ. ಆದಕಾರಣ ಫ್ಯೂಸು ಕರಗದೆಯೇ ಅದರ ಸುತ್ತಲಿನ ಪ್ಲಾಸ್ಟಿಕ್ಕು ಕರಗಬಹುದು. ಒಮ್ಮೊಮ್ಮೆ ಪಕ್ಕದ ಕಾವಿಗೆ ಫ್ಯೂಸೇ ಅಕಾಲದಲ್ಲಿ ಕರಗುವುದೂ ಉಂಟು. ಆಗ ಅವಸರದ ಮಾಲಿಕನು ಹೆಚ್ಚು ಆಂಪೇರಿನ ಫ್ಯೂಸನ್ನು ಹಾಕಿ, ಉಳಿದಿದ್ದ ರಕ್ಷಣೆಯನ್ನೂ ಕಳೆದುಕೊಳ್ಳುತ್ತಾನೆ. ನಮ್ಮ ಮನೆಗಳ ಹಳೆಯ ಫ್ಯೂಸುಗಳಿಗೆ ದಪ್ಪ ತಾಮ್ರದ ತಂತಿಯನ್ನು ಸುತ್ತುವುದೂ ಇದೇ ಜಾತಿಯ ಅವಿವೇಕ.

ಅಮೆರಿಕದ ಲಿಟಲ್‌ಫ್ಯೂಸ್ ಸಂಸ್ಥೆಯು 1976ರಲ್ಲಿ ಹೊರತಂದ ಅಲಗಿನಾಕಾರದ ಫ್ಯೂಸು ಈ ದೋಷಕ್ಕೆ ಒಳ್ಳೆಯ ಮದ್ದು. ಅದರ ಚಪ್ಪಟೆ ಅಲಗುಗಳನ್ನು ಪಟ್ಟಿಗಳು ಎರಡೂ ಮಗ್ಗುಲಿನಿಂದ ಕಚ್ಚಿ ಹಿಡಿಯುತ್ತವೆ. ಬದಲಿಸುವ ಮುನ್ನ ಪರೀಕ್ಷೆ ನಡೆಯಲಿ: ದೀಪ, ಬೀಸಣಿಗೆಗಳು ನಡೆಯುತ್ತಿರುವಾಗ ಪ್ರತಿ ಫ್ಯೂಸಿನ ಎರಡು ಕಡೆಯ ತಂತಿಗಳ ನಡುವಣ ವೋಲ್ಟೇಜನ್ನು ಅಳೆಯಬೇಕು. ಒಂದರಲ್ಲಿ ಮಾತ್ರ ಅದು ಎದ್ದು ಕಾಣುವಷ್ಟು ಹೆಚ್ಚಿದ್ದರೆ ದೋಷ ಅಲ್ಲಿಯೇ ಇದೆ. ಹೊಸ ಫ್ಯೂಸಿನ ಆಂಪೇರನ್ನು ತಂತಿಯ ತಾಳಿಕೆಗೆ ತಕ್ಕಂತೆ ಗೊತ್ತುಮಾಡಬೇಕು.

ಐತಿಹಾಸಿಕ ವಸ್ತುವಿನ ಮೇಲಣ ಪ್ರೀತಿ ಗೌರವಾರ್ಹವೇ. ಮೂಲ ಫಲಕವನ್ನು ಚೀಟಿ ಬರೆದು ಪೆಟ್ಟಿಗೆಯಲ್ಲಿ ಜೋಪಾನ ಮಾಡಲಿ. ಪ್ರದರ್ಶನದ ದಿನ ಬೇಕಾದರೆ ಮರಳಿ ಜೋಡಿಸಲಿ. ರಸ್ತೆಗಿಳಿಯುವ ಮೋಟಾರಿನಲ್ಲಿ ಮಾತ್ರ ಅದಕ್ಕೆ ಎಡೆಯಿರಬಾರದು. ಫಲಕವನ್ನು ಉಳಿಸಹೋಗಿ ಮೋಟಾರನ್ನೇ ಸುಟ್ಟುಕೊಂಡರೆ ಉಳಿಸಿದಂತಾದುದು ಯಾವುದು?