ಹತ್ತನೆಯ ದಿನಕ್ಕೇ ಹೊರೆಯೇ?



ಮೂಲವ್ಯಾಧಿಯ ಸಂಗತಿಯನ್ನು ನಮ್ಮ ಪತ್ರಿಕೆಯಲ್ಲಿ ಬರೆಯಬಹುದೇ ಎಂದು ಕೆಲವರು ಕೇಳಿದರು. ಬರೆಯಲೇಬೇಕು ಎಂಬುದು ನಮ್ಮ ಅಭಿಪ್ರಾಯ. ಕಾಲು ಮುರಿದವನನ್ನು ನೋಡಲು ಇಡೀ ಲೈನೇ ಹೋಗುತ್ತದೆ. ಮೂಲದ ಆಪರೇಷನ್ ಆದವನು ಮಾತ್ರ ಊರಿಗೆ ಹೋಗಿದ್ದೆನೆಂದು ಸುಳ್ಳು ಹೇಳಿ, ಗಾಯ ಮಾಗುವ ಮೊದಲೇ ಮಸ್ಟರಿಗೆ ಬಂದು ನಿಲ್ಲುತ್ತಾನೆ.

ಗೂಡಲೂರು ಕಡೆಯ ಒಂದು ತೋಟದ ಸಹೋದರಿಯೊಬ್ಬರು ಹೀಗೆಯೇ ಮಾಡಿದರು. ಹತ್ತನೆಯ ದಿನ ಸೊಪ್ಪು ಕೀಳಲು ಇಳಿದರು. ಮೇಸ್ತ್ರಿಗೆ ಹೇಳಲು ನಾಚಿಕೆ. ಮಧ್ಯಾಹ್ನದ ತೂಕಕ್ಕೆಂದು ಚೀಲ ಹೊತ್ತು ಏರು ಹತ್ತುವಾಗ ಸೀರೆ ರಕ್ತದಲ್ಲಿ ನೆನೆಯಿತು. ಜೀಪಿನಲ್ಲಿ ಆಸ್ಪತ್ರೆಗೆ ಸಾಗಿಸಬೇಕಾಯಿತು. ಉಳಿಸಿಕೊಳ್ಳಲು ಹೋದದ್ದು ಕೆಲವು ದಿನಗಳ ಕೂಲಿ, ಕಳೆದುಕೊಂಡದ್ದು ಒಂದು ತಿಂಗಳಿನದು.

ಒಂದರಿಂದ ಎರಡು ವಾರದ ಅವಧಿಯೇ ಮೋಸದ ಕಾಲ. ನೋವು ಇಳಿದಿರುತ್ತದೆ, ಒಳಗಿನ ಗಾಯ ಇನ್ನೂ ಹಸಿಯಾಗಿರುತ್ತದೆ. ಚೀಲ ಎತ್ತುವಾಗ ನಾವು ಉಸಿರು ಬಿಗಿಹಿಡಿಯುತ್ತೇವೆ. ಆಗ ಹೊಟ್ಟೆಯ ಒತ್ತಡವೆಲ್ಲ ಕೆಳಕ್ಕಿಳಿದು ಗುದದ ಸುತ್ತಲಿನ ರಕ್ತನಾಳಗಳು ಉಬ್ಬುತ್ತವೆ. ಕಕ್ಕಸಿನಲ್ಲಿ ತಿಣುಕಿದರೂ ಹಾಗೆಯೇ.

ಹಾಗೆಂದು ಹಾಸಿಗೆ ಹಿಡಿದು ಮಲಗಿರುವುದೂ ಸರಿಯಲ್ಲ. ಮಲಗಿದವರಿಗೆ ಮಲ ಕಟ್ಟುತ್ತದೆ. ಪ್ರವಾದಿ ಎಲೀಯನ ಕಥೆ ನಿಮಗೆ ಗೊತ್ತು. ಸಾಕಾಗಿ ಗಿಡದ ಕೆಳಗೆ ಬಿದ್ದವನನ್ನು ದೇವದೂತನು ಬೈದು ಎಬ್ಬಿಸಲಿಲ್ಲ. ಅವನು ತಿಂದನು, ಮಲಗಿದನು, ಮತ್ತೆ ತಿಂದನು; ಆಮೇಲಲ್ಲವೇ ಹೋರೇಬಿನವರೆಗೆ ನಲವತ್ತು ದಿನದ ನಡಿಗೆ? ಆಪರೇಷನ್ ಆದವರೂ ಹೀಗೆಯೇ ಕ್ರಮವಾಗಿ ಏಳಬೇಕು. ಮರುದಿನದಿಂದ ಮನೆಯೊಳಗೆ, ಆಮೇಲೆ ಲೈನಿನ ಮುಂದೆ, ಸಮತಟ್ಟಾದ ಜಾಗದಲ್ಲಿ ದಿನಕ್ಕೆ ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪ ನಡೆಯಿರಿ. ನೋವು ತಡೆಯುವಷ್ಟಿದ್ದರೆ ಎರಡನೆಯ ವಾರ ದಾರಿ ಉದ್ದ ಮಾಡಿ. ನಮ್ಮ ಬೆಟ್ಟದ ಏರು ಇಳಿತ ಅದರ ನಂತರದ್ದು. ಹೊರೆ ಎಲ್ಲಕ್ಕಿಂತ ಕೊನೆಗೆ. ಕತ್ತರಿಸಿ ತೆಗೆದ ಆಪರೇಷನ್ ಆದರೆ ಗಾಯ ಮಾಗಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ರಬ್ಬರ್ ಬ್ಯಾಂಡ್ ಹಾಕಿಸಿಕೊಂಡವರಿಗೆ ಅಷ್ಟು ಬೇಡ. ನಿಮ್ಮದು ಯಾವುದು, ಎಷ್ಟು ವಾರ ಎಂದು ಡಾಕ್ಟರನ್ನು ಕೇಳಿಯೇ ಬನ್ನಿ. ವಾಲಿಬಾಲ್ ಆಡುವ ತಮ್ಮಂದಿರಿಗೂ ಇದೇ ಲೆಕ್ಕ.

ತೋಟಕ್ಕೆ ರಜೆ ಹಾಕಿದ ಹೆಂಗಸಿಗೆ ಮನೆಯಲ್ಲಿ ರಜೆ ಸಿಗುವುದಿಲ್ಲ, ಇದನ್ನು ನಾವು ಬೇಸರದಿಂದಲೇ ಬರೆಯುತ್ತೇವೆ. ಸೌದೆಯ ಹೊರೆ, ನೀರಿನ ಕೊಡ, ಸೊಂಟದ ಮೇಲಿನ ಮಗು, ಗಾಯಕ್ಕೆ ಇವೂ ಭಾರವೇ. ಗಂಡಂದಿರು ಆರು ವಾರ ನೀರು ಹೊತ್ತರೆ ಮಾನ ಹೋಗುವುದಿಲ್ಲ.

ರಾಗಿಮುದ್ದೆ, ಸೊಪ್ಪಿನ ಸಾರು, ಹಣ್ಣು ಹೆಚ್ಚಿರಲಿ, ನೀರು ಧಾರಾಳವಾಗಿ ಕುಡಿಯಿರಿ. ಕೆಲವು ನೋವಿನ ಮಾತ್ರೆಗಳು ಮಲ ಕಟ್ಟುವಂಥವು, ಅದನ್ನೂ ಡಾಕ್ಟರಿಗೆ ಹೇಳಿ. ಅಗಲವಾದ ಬೇಸಿನ್ನಿನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ಹತ್ತು ಹದಿನೈದು ನಿಮಿಷ ಕುಳಿತರೆ ನೋವು ಇಳಿಯುತ್ತದೆ. ಬಟ್ಟೆಗೆ ಸ್ವಲ್ಪ ರಕ್ತದ ಕಲೆಯಾಗುವುದು ಸಹಜ. ರಕ್ತ ನಿಲ್ಲದೆ ಹೋದರೆ, ಗಡ್ಡೆಗಡ್ಡೆಯಾಗಿ ಬಂದರೆ, ಜ್ವರ ಬಂದರೆ, ಮೂತ್ರ ಕಟ್ಟಿದರೆ ಬೆಳಗಾಗಲಿ ಎಂದು ಕಾಯಬೇಡಿ.

ಇನ್ನು ನಾಚಿಕೆಯ ಮಾತು. 1978ರ ಡಿಸೆಂಬರಿನಲ್ಲಿ ಅಮೇರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರರು ಮೂಲವ್ಯಾಧಿಯ ಬಾಧೆಯಿಂದ ತಮ್ಮ ಭೇಟಿಗಳನ್ನು ರದ್ದು ಮಾಡಬೇಕಾಯಿತು. ಅದು ಪತ್ರಿಕೆಗಳಲ್ಲೇ ಅಚ್ಚಾಯಿತು. ಅವರು ಭಾನುವಾರದ ಶಾಲೆಯ ಉಪಾಧ್ಯಾಯರೂ ಆಗಿದ್ದರು. ಅಷ್ಟು ದೊಡ್ಡವರ ಕಾಯಿಲೆ ಲೋಕಕ್ಕೆಲ್ಲ ತಿಳಿಯಬಹುದಾದರೆ ನಮ್ಮದು ಮೇಸ್ತ್ರಿಗೆ ತಿಳಿದರೆ ಏನು?

ನಾಚಬೇಕಾದವರು ನಾವಲ್ಲ. ಸಾಕಷ್ಟು ಕಕ್ಕಸುಗಳು ಕಾರ್ಮಿಕರಿಗೆ ಅನುಕೂಲವಾದ ಜಾಗದಲ್ಲಿರಬೇಕೆಂದು 1951ರ ತೋಟ ಕಾರ್ಮಿಕರ ಕಾಯಿದೆಯೇ ಬರೆಯಿತು. ಆ ಕಾಯಿದೆಯ ವಿಷಯಗಳನ್ನು 2020ರ ಹೊಸ ಸಂಹಿತೆಯೊಳಗೆ ಸೇರಿಸಿದರು. ಪುಸ್ತಕ ಬದಲಾಯಿತು, ಗುಡ್ಡದ ಆಚೆ ಸೊಪ್ಪು ಕೀಳುವ ನಮ್ಮ ತಾಯಂದಿರು ಎಲ್ಲಿಗೆ ಹೋಗಬೇಕು? ಮರೆ ಇಲ್ಲವೆಂದು ಬೆಳಿಗ್ಗೆ ನೀರನ್ನೇ ಕುಡಿಯುವುದಿಲ್ಲ, ಸಂಜೆಯವರೆಗೆ ಅದುಮಿಟ್ಟುಕೊಳ್ಳುತ್ತಾರೆ. ಮಲ ಗಟ್ಟಿಯಾಗುತ್ತದೆ, ತಿಣುಕುತ್ತಾರೆ, ವ್ಯಾಧಿ ಬೆಳೆಯುತ್ತದೆ. ಆಪರೇಷನ್ ಮಾಡಿಸಿ ಅದೇ ಗುಡ್ಡಕ್ಕೆ ಮರಳಿ ಕಳುಹಿಸಿದರೆ ಎಷ್ಟು ದಿನ ಗುಣವಾಗಿರುತ್ತಾರೆ? ಕೂಲಿಯ ಮಾತು ನಡೆಯುವ ಮೇಜಿನ ಮೇಲೆ ಸಂಘವು ಹೊಲದ ಕಕ್ಕಸಿನ ಮಾತನ್ನೂ ಇಡಬೇಕು. ನಮ್ಮ ಸಂಘದ ಅಣ್ಣಂದಿರು ಇದನ್ನು ಹೆಂಗಸರ ವಿಷಯವೆಂದು ಪಕ್ಕಕ್ಕೆ ತಳ್ಳಿದ್ದನ್ನು ನಾವು ನೋಡಿದ್ದೇವೆ.

ಆಸ್ಪತ್ರೆಯಿಂದ ಬರುವಾಗ ಎಷ್ಟು ವಾರ ವಿಶ್ರಾಂತಿ, ಎಷ್ಟು ವಾರ ಹೊರೆಯಿಲ್ಲದ ಹಗುರ ಕೆಲಸ ಎಂದು ಸರ್ಟಿಫಿಕೇಟಿನಲ್ಲಿ ಬರೆಸಿಕೊಳ್ಳಿ. ತೋಟದ ಆಫೀಸಿಗೆ ಕೊಡುವ ಅರ್ಜಿಯನ್ನು ಬರೆದುಕೊಡಲು ಭಾನುವಾರದ ಆರಾಧನೆಯ ನಂತರ ನಾವು ಕುಳಿತಿರುತ್ತೇವೆ, ಯಾವ ಸಭೆಯವರಾದರೂ, ಯಾವ ಧರ್ಮದವರಾದರೂ ಬರಬಹುದು. ನಮ್ಮ ಅರ್ಜಿಯಲ್ಲಿ ವ್ಯಾಧಿಯ ಹೆಸರು ಬರೆಯುವುದಿಲ್ಲ. ಶಸ್ತ್ರಚಿಕಿತ್ಸೆ ಆಗಿದೆ, ಭಾರ ಹೊರುವಂತಿಲ್ಲ ಎಂದಷ್ಟೇ ಬರೆಯುತ್ತೇವೆ. ನಕಲು ಒಂದನ್ನು ನಿಮ್ಮ ಪೆಟ್ಟಿಗೆಯಲ್ಲಿಟ್ಟುಕೊಳ್ಳಿ.