ಪರಿಹಾರ ಸಿಕ್ಕಿತು, ಊರು ಖಾಲಿಯಾಯಿತು

ಕ್ರಿ.ಶ. 164ರ ಮೇ 20ರಂದು ಮೆಮ್ಮಿಯುಸ್ ಎಂಬ ಕೂಲಿಯಾಳು ಚಿನ್ನದ ಗಣಿಯೊಂದರಲ್ಲಿ ನವೆಂಬರ್ 13ರವರೆಗೆ ದುಡಿಯಲು ಒಪ್ಪಿಕೊಂಡ. ಕೂಲಿ 70 ದಿನಾರಿಯಸ್ ನಾಣ್ಯ ಮತ್ತು ಊಟ. ನಡುವೆ ಬಿಟ್ಟುಹೋದರೆ ದಿನದ ಲೆಕ್ಕದಲ್ಲಿ ದಂಡ. ಗಣಿಗೆ ನೀರು ನುಗ್ಗಿ ಕೆಲಸ ನಿಂತರೆ ಅಷ್ಟು ದಿನದ ಕೂಲಿ ಖೋತಾ. ಅವನಿಗೆ ಅಕ್ಷರ ಬಾರದ್ದರಿಂದ ಕರಾರನ್ನು ಬೇರೊಬ್ಬ ಬರೆದುಕೊಟ್ಟ.

ಮೇಣ ಬಳಿದ ಮರದ ಹಲಗೆಯ ಮೇಲೆ ಗೀಚಿದ ಈ ಲ್ಯಾಟಿನ್ ಕರಾರು ಸಿಕ್ಕಿದ್ದು ರೊಮೇನಿಯಾದ ರೋಶಿಯಾ ಮೊಂಟಾನಾ ಎಂಬ ಹಳ್ಳಿಯ ಹಳೆಯ ಸುರಂಗಗಳಲ್ಲಿ. ಹಂಗೇರಿಯನ್ನರು ಇದನ್ನು ವೆರೆಶ್‌ಪಟಕ್ ಎಂದು ಕರೆದರು, ಅಂದರೆ ಕೆಂಪು ಹಳ್ಳ. ಗಣಿಗಳ ಆಮ್ಲೀಯ ನೀರು ಸೇರಿ ಹಳ್ಳ ಇಂದಿಗೂ ಕೆಂಪಾಗಿಯೇ ಹರಿಯುತ್ತದೆ.

‘ಗಣಿಯಿಲ್ಲದೆ ಈ ಊರಿಗೆ ಬದುಕಿಲ್ಲ’ ಎಂಬ ಮಾತನ್ನು ಗಣಿಯ ಪರ ಇರುವವರು ಸದಾ ಹೇಳುತ್ತಾರೆ. ಊರಿನ ಚರಿತ್ರೆ ಓದಿದರೆ, ಇದು ಹಣೆಬರಹವಲ್ಲ, ಯಾರೋ ಕೂತು ಬರೆದದ್ದು ಎಂದು ತಿಳಿಯುತ್ತದೆ. 1948ರವರೆಗೂ ಇಲ್ಲಿ ಸಣ್ಣ ಗಣಿಗಳು ಊರಿನ ಕುಟುಂಬಗಳ ಕೈಯಲ್ಲಿದ್ದವು. ಆ ವರ್ಷ ಕಮ್ಯುನಿಸ್ಟ್ ಸರ್ಕಾರ ಎಲ್ಲವನ್ನೂ ರಾಷ್ಟ್ರೀಕರಣ ಮಾಡಿತು. ಗಣಿಯ ಪಾಲುದಾರರು ಸಂಬಳದಾಳುಗಳಾದರು. 1970ರ ದಶಕದಲ್ಲಿ ಸುರಂಗ ಬಿಟ್ಟು ಗುಡ್ಡವನ್ನೇ ಅಗೆಯತೊಡಗಿದರು. 2006ರಲ್ಲಿ, ಐರೋಪ್ಯ ಒಕ್ಕೂಟ ಸೇರುವ ಹೊಸ್ತಿಲಲ್ಲಿ, ಆ ಗಣಿಯೂ ಮುಚ್ಚಿತು.

ಅಷ್ಟರಲ್ಲಿ ಕೆನಡಾದ ಗೇಬ್ರಿಯಲ್ ರಿಸೋರ್ಸಸ್ ಕಂಪನಿ ಬಂದಾಗಿತ್ತು. ನಾಲ್ಕು ಗುಡ್ಡಗಳನ್ನು ಅಗೆದು, ಸೈನೈಡ್ ಬಳಸಿ ಸುಮಾರು 300 ಟನ್ ಚಿನ್ನ ತೆಗೆಯುವುದು, ಪಕ್ಕದ ಕೊರ್ನಾ ಕಣಿವೆಯನ್ನು ತ್ಯಾಜ್ಯದ ಕೆರೆ ಮಾಡುವುದು ಅದರ ಯೋಜನೆ. 2002ರಲ್ಲಿ ಒಪ್ಪಿಗೆ ಪಡೆದ ಭೂಬಳಕೆ ನಕ್ಷೆ ಊರನ್ನು ಗಣಿ ಉದ್ಯಮಕ್ಕೇ ಮೀಸಲಿಟ್ಟಿತು. ಬೇರೆ ಕಸುಬಿಗೆ ಜಾಗವೇ ಉಳಿಯಲಿಲ್ಲ. ಬೇರೆ ದಾರಿ ಮುಚ್ಚಿದ ಮೇಲೆ ‘ಬೇರೆ ದಾರಿ ಇಲ್ಲ’ ಎನ್ನುವುದು ಸುಲಭ. ಕೆಲಸ ಹೋದವರು ಆ ಮಾತನ್ನು ನಂಬಿ ಗಣಿ ಬೇಕು ಎಂದರೆ ಅವರನ್ನು ದೂರಲಾಗದು. ಹೊಟ್ಟೆಪಾಡಿನ ಪ್ರಶ್ನೆ ಅದು.

ಕಂಪನಿ ಬಹುಪಾಲು ಮನೆಗಳನ್ನು ಕೊಂಡಿತು, ಆಲ್ಬಾ ಯೂಲಿಯಾ ನಗರದಲ್ಲಿ ಹೊಸ ಬಡಾವಣೆ ಕಟ್ಟಿಕೊಟ್ಟಿತು. ಕನ್ನಡದಲ್ಲಿ ‘ಪರಿಹಾರ’ ಎಂದರೆ ನಷ್ಟಕ್ಕೆ ಕೊಡುವ ಹಣವೂ ಹೌದು, ಸಮಸ್ಯೆಯ ಬಗೆಹರಿಕೆಯೂ ಹೌದು. ಅನುವಾದಕರನ್ನು ದಿನವೂ ಕಾಡುವ ಪದ ಇದು. ರೋಶಿಯಾದಲ್ಲಿ ಮೊದಲನೆಯ ಅರ್ಥದ್ದು ಸಿಕ್ಕಿತು, ಎರಡನೆಯದು ಸಿಗಲಿಲ್ಲ. ಹಣ ಪಡೆದವರು ಹೋದರು. ಉಳಿದವರಿಗೆ ನೆರೆಹೊರೆಯೇ ಇಲ್ಲವಾಯಿತು.

ಉಳಿದ ಕೆಲವರು 2000ದಲ್ಲೇ ಸಂಘ ಕಟ್ಟಿ ಕೋರ್ಟಿಗೆ ಹೋಗಿದ್ದರು. ಅದೇ ವರ್ಷ ಬಾಯಾ ಮಾರೆಯಲ್ಲಿ ಅಣೆಕಟ್ಟು ಒಡೆದು ಸೈನೈಡ್ ನೀರು ಟಿಸಾ ನದಿಯವರೆಗೆ ಹರಿದಿತ್ತು; ಅವರ ಭಯ ಕಲ್ಪನೆಯದಾಗಿರಲಿಲ್ಲ. 2013ರಲ್ಲಿ ಗಣಿಗೆ ದಾರಿ ಮಾಡುವ ಮಸೂದೆ ಬಂದಾಗ ಸಾವಿರಾರು ಜನ ಬೀದಿಗಿಳಿದರು, ಸಂಸತ್ತು ಅದನ್ನು ತಿರಸ್ಕರಿಸಿತು. 2021ರಲ್ಲಿ ಊರು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿತು.

ಕಂಪನಿಯೂ ಪರಿಹಾರ ಕೇಳಿತು. ಅಂತಾರಾಷ್ಟ್ರೀಯ ಪಂಚಾಯ್ತಿಯ ಮುಂದೆ ಅದು ರೊಮೇನಿಯಾದಿಂದ ಕೇಳಿದ್ದು ಸುಮಾರು 440 ಕೋಟಿ ಡಾಲರ್. 2024ರ ಮಾರ್ಚ್‌ನಲ್ಲಿ ಆ ಬೇಡಿಕೆ ಬಿದ್ದುಹೋಯಿತು. ಮೆಮ್ಮಿಯುಸ್‌ನ ಕರಾರನ್ನು ಇದರ ಪಕ್ಕದಲ್ಲಿಟ್ಟು ನೋಡಿ. ನೀರು ನುಗ್ಗಿದರೆ ನಷ್ಟ ಕೂಲಿಯವನದು. ಗಣಿ ತೆರೆಯದಿದ್ದರೆ ನಷ್ಟ ಇಡೀ ದೇಶದ್ದು. ಬಂಡವಾಳ ಹೂಡಿದವನ ನಷ್ಟ ಮಾತ್ರ ಯಾವಾಗಲೂ ಬೇರೆಯವರ ತಲೆಗೆ.

ಹಾಗೆಂದು ಯುನೆಸ್ಕೋ ಫಲಕ ನೆಟ್ಟ ಮಾತ್ರಕ್ಕೆ ಗೆದ್ದಂತಲ್ಲ. ಪಾರಂಪರಿಕ ಕಟ್ಟಡಗಳ ಕಾಳಜಿಯುಳ್ಳವರು 2012ರಿಂದ ಅಲ್ಲಿನ ಹಳೆಯ ಮನೆಗಳನ್ನು ದುರಸ್ತಿ ಮಾಡುತ್ತಿದ್ದಾರೆ. ಒಳ್ಳೆಯದೇ. ಆದರೆ ಸೂರು ಸರಿಯಾದ ಮನೆಯೊಳಗೆ ಒಲೆ ಉರಿಯಬೇಕು, ಅದಕ್ಕೆ ವರ್ಷವಿಡೀ ಸಂಬಳ ಬರುವ ಕೆಲಸ ಬೇಕು. ಗಣಿ ಬೇಡ ಎಂದವರ ಮೇಲೂ ಸರ್ಕಾರದ ಮೇಲೂ ಆ ಹೊಣೆ ಇದೆ. ಅದನ್ನು ಹೊರದಿದ್ದರೆ, ಚಿನ್ನದ ಬೆಲೆ ಏರಿದಾಗಲೆಲ್ಲ ‘ಬೇರೆ ದಾರಿ ಇಲ್ಲ’ ಎನ್ನುವವರು ಮತ್ತೆ ಬರುತ್ತಾರೆ. ಆಗ ಅವರನ್ನು ಎದುರಿಸಲು ಊರಲ್ಲಿ ಜನ ಇರಬೇಕಲ್ಲ?